ಡೆಕೂಪಾಜ್ ಎಲ್ಲಿ ಕೈಕೊಟ್ಟಿತು? ಸುಕ್ಕು, ಗುಳ್ಳೆ, ಮಬ್ಬು, ಜಿಗುಟು: ಪತ್ತೆ ಮತ್ತು ರಿಪೇರಿ

ಚಿಕ್ಕಮ್ಮನ ಮಗಳ ಮದುವೆಗೆ ಕೈಯಾರೆ ಒಂದು ಪೆಟ್ಟಿಗೆ ಮಾಡಿ ಕೊಟ್ಟಿದ್ದೆ. ಎಂಡಿಎಫ್ ಪೆಟ್ಟಿಗೆ, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯದು. ಮುಚ್ಚಳದ ಮೇಲೆ ಅವಳದ್ದೇ ಲಗ್ನಪತ್ರಿಕೆ, ಸುತ್ತ ಟಿಶ್ಯೂ ನ್ಯಾಪ್ಕಿನ್‌ನಿಂದ ಕತ್ತರಿಸಿದ ಕಮಲಗಳು. ಮದುವೆಮನೆಯಲ್ಲಿ ಎಲ್ಲರೂ ಹೊಗಳಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಫೋನು ಬಂತು. "ಅಕ್ಕಾ, ಬೇಜಾರು ಮಾಡ್ಕೋಬೇಡ. ಪೆಟ್ಟಿಗೆ ಮುಚ್ಚಳ ಬರ್ತಾನೇ ಇಲ್ಲ. ಒಳಗೆ ನನ್ನ ಜುಮುಕಿ ಇದೆ."

ದೀಪಾವಳಿಗೆ ಬಂದಾಗ ಪೆಟ್ಟಿಗೆಯನ್ನೂ ತಂದಳು. ಮುಚ್ಚಳ ಅಂಟಿತ್ತು. ಒಂದು ಮೂಲೆಯಲ್ಲಿ ಪತ್ರಿಕೆ ಎದ್ದಿತ್ತು. ಕಮಲದ ಮೇಲೆ ಹಾಲು ಚೆಲ್ಲಿದ ಹಾಗೆ ಮಬ್ಬು. ಮೇಲ್ಗಡೆ ಅರಿಶಿನದ ಹಳದಿ ಗೀಟು. ಮಧ್ಯದಲ್ಲಿ ಉದ್ದಕ್ಕೆ ಮೂರು ಸುಕ್ಕು. ಒಂದೇ ಪೆಟ್ಟಿಗೆಯಲ್ಲಿ ಐದು ದೋಷ! ನಾಚಿಕೆ ಆಯಿತು ನಿಜ, ಆದರೆ ಕಲಿಯೋಕೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುತ್ತಿರಲಿಲ್ಲ. ಈ ಬರಹದ ಉದ್ದಕ್ಕೂ ಆ ಪೆಟ್ಟಿಗೆ ಮತ್ತೆ ಮತ್ತೆ ಬರುತ್ತದೆ.

ಹೊಸಬರಿಗೆ ಒಂದು ಮಾತು. ಚಿತ್ರ ಇರುವ ಕಾಗದ ಕತ್ತರಿಸಿ, ಮರ, ಗಾಜು, ಮಣ್ಣು, ತಗಡು ಯಾವುದಾದರೂ ವಸ್ತುವಿನ ಮೇಲೆ ಅಂಟಿಸಿ, ಮೇಲೆ ವಾರ್ನಿಶ್ ಸವರಿ, ಅಲ್ಲೇ ಬರೆದ ಚಿತ್ರದಂತೆ ಕಾಣಿಸುವುದೇ ಡೆಕೂಪಾಜ್. 'ಕತ್ತರಿಸು' ಅನ್ನುವ ಫ್ರೆಂಚ್ ಮಾತಿನಿಂದ ಬಂದ ಹೆಸರು. 18ನೇ ಶತಮಾನದ ವೆನಿಸ್‌ನಲ್ಲಿ ಇದನ್ನು 'ಲಕ್ಕಾ ಪೊವೆರಾ' ಅನ್ನುತ್ತಿದ್ದರು, ಅಂದರೆ ಬಡವರ ಅರಗು. ಚೀನಾ, ಜಪಾನಿನ ಅರಗಿನ ಕೆಲಸದ ಸಾಮಾನು ಕೊಳ್ಳಲು ಆಗದವರು ಕಾಗದ ಅಂಟಿಸಿ, ಮೇಲೆ ಕೋಟ್ ಮೇಲೆ ಕೋಟ್ ಹಾಕಿ ಅದೇ ಹೊಳಪು ತರುತ್ತಿದ್ದರು.

ಇನ್ನು ದೋಷದ ವಿಷಯ. ನಾನು ಕಂಡ ಹಾಗೆ ಬಹುಪಾಲು ತೊಂದರೆಗೆ ನೀರೇ ಕಾರಣ. ಅಂಟಿಸುವಾಗ ಕಾಗದ ಕುಡಿದ ನೀರು, ಅಡಿಯಲ್ಲಿ ಸಿಕ್ಕಿಹಾಕಿಕೊಂಡ ನೀರು, ಒಣಗಿದ ಮೇಲೆ ಗಾಳಿಯಿಂದ ವಾಪಸ್ ಬಂದ ನೀರು. ಇವುಗಳಲ್ಲಿ ಯಾವುದು ಅಂತ ಗೊತ್ತಾದರೆ ರಿಪೇರಿ ಸುಲಭ. ಗೊತ್ತಿಲ್ಲದೆ ಮೇಲೆ ಇನ್ನೊಂದು ಕೋಟ್ ಬಳಿದರೆ ದೋಷ ಒಳಗೇ ಮುಚ್ಚಿಹೋಗುತ್ತದೆ. ನಾವೆಲ್ಲ ಮೊದಲು ಮಾಡುವ ತಪ್ಪು ಅದೇ ಅಲ್ವಾ?

ಕೈ ಹಾಕೋ ಮುಂಚೆ ನೋಡಬೇಕಾದದ್ದು

ಮೊದಲು ಮೊಬೈಲ್ ಟಾರ್ಚ್ ಹಚ್ಚಿ, ವಸ್ತುವಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಬಿಡಿ. ಮೇಲಿಂದ ನೋಡಿದರೆ ಕಾಣದ ಸುಕ್ಕು, ಉಬ್ಬು, ಎದ್ದ ಅಂಚು ಎಲ್ಲಾ ನೆರಳು ಬೀರಿ ಎದ್ದು ಕಾಣುತ್ತವೆ.

ಆಮೇಲೆ ಉಗುರಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಚೆನ್ನಾಗಿ ಅಂಟಿದ ಕಡೆ ಗಟ್ಟಿ ಸದ್ದು, ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು. ತೆಂಗಿನಕಾಯಿ ತಟ್ಟಿ ನೋಡಿ ಗೊತ್ತಿರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಟೊಳ್ಳು ಇರುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಚುಕ್ಕಿ ಇಡಿ.

ಮೂರನೆಯದು ಒದ್ದೆ ಹತ್ತಿಯ ಪರೀಕ್ಷೆ. ಕಿವಿಗೆ ಹಾಕುವ ಇಯರ್ ಬಡ್ ಒಂದನ್ನು ನೀರಿಗೆ ಅದ್ದಿ, ಹಿಂಡಿ, ಕಾಣದ ಮೂಲೆಯಲ್ಲಿ ಹತ್ತು ಸಲ ಉಜ್ಜಿ. ಹತ್ತಿಗೆ ಬಣ್ಣ ಬಂದರೆ ಶಾಯಿ ಕರಗುತ್ತಿದೆ. ಬಣ್ಣ ಬರದೆ ಆ ಜಾಗ ಬೆಳ್ಳಗೆ, ಜಿಗುಟಾಗಿ ಆದರೆ ಮೇಲಿನ ಪದರ ಬರೀ ಅಂಟು, ವಾರ್ನಿಶ್ ಬಿದ್ದಿಲ್ಲ. ಏನೂ ಆಗದಿದ್ದರೆ ಮೇಲಿನ ಕೋಟ್ ಸರಿಯಿದೆ, ತೊಂದರೆ ಅದರ ಅಡಿಯಲ್ಲಿದೆ.

ಕೊನೆಗೆ ಹೇರ್ ಡ್ರೈಯರ್. ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಎರಡು ನಿಮಿಷ. ಮಬ್ಬು ಕರಗಿದರೆ ನೀರು. ಕರಗದಿದ್ದರೆ ಬೇರೆ ಏನೋ.

ಸುಕ್ಕು

ಎಲ್ಲರನ್ನೂ ಕಾಡುವ ದೋಷ ಇದೇ. ಎಲ್ಲರೂ ಬೈಯುವುದು ಅಂಟನ್ನು. ಪಾಪ, ಅಂಟಿನ ತಪ್ಪು ಕಡಿಮೆ. ಸುಕ್ಕು ಹೇಗೆ ಬಿದ್ದಿದೆ ಅಂತ ನೋಡಿದರೆ ಕಾರಣ ತಾನಾಗೇ ಗೊತ್ತಾಗುತ್ತದೆ.

ಒಂದೇ ದಿಕ್ಕಿಗೆ, ಸಾಲಾಗಿ, ಉದ್ದುದ್ದ ಸುಕ್ಕು ಬಿದ್ದಿದ್ದರೆ ಕಾಗದ ಅಂಟಿದ ಮೇಲೆ ಹಿಗ್ಗಿದೆ ಅಂತ ಅರ್ಥ. ಕಾಗದ ಅಂದರೆ ನಾರು. ಮೆಷಿನ್‌ನಲ್ಲಿ ಮಾಡಿದ ಕಾಗದದಲ್ಲಿ ಹೆಚ್ಚಿನ ನಾರುಗಳು ಒಂದೇ ಕಡೆಗೆ ಮಲಗಿರುತ್ತವೆ. ನೀರು ತಾಗಿದಾಗ ಪ್ರತಿ ನಾರೂ ಉದ್ದಕ್ಕೆ ಬೆಳೆಯುವುದಕ್ಕಿಂತ ದಪ್ಪಕ್ಕೆ ಜಾಸ್ತಿ ಊದಿಕೊಳ್ಳುತ್ತದೆ. ಹಾಗಾಗಿ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಅಷ್ಟರಲ್ಲಿ ಅಂಚು ಅಂಟಿಕೊಂಡಿದ್ದರೆ ಹಿಗ್ಗಿದ ಕಾಗದ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಎದ್ದು ನಿಲ್ಲುತ್ತದೆ. ನನ್ನ ಪೆಟ್ಟಿಗೆಯ ಮೂರು ಸುಕ್ಕು ಇದೇ ಜಾತಿಯವು.

ನಾರು ಯಾವ ಕಡೆ ಅಂತ ತಿಳಿಯಲು ಕಾಗದವನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಮಡಿಸಬೇಡಿ. ಯಾವ ಕಡೆ ಸುಲಭವಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೆ ನಾರು. ಬಾಟಲಿ, ಡಬ್ಬಿ, ಪೆನ್ ಸ್ಟ್ಯಾಂಡ್ ಥರದ ಉರುಟು ವಸ್ತುವಿಗೆ ನಾರು ಮೇಲಿಂದ ಕೆಳಗೆ ಬರುವಂತೆ ಕತ್ತರಿಸಿ. ಸುತ್ತಲು ಸುಲಭ, ಅಂಚು ಎದ್ದೇಳುವುದೂ ಕಡಿಮೆ.

ಮದ್ದು ಸರಳ. ಕಾಗದ ಹೇಗೂ ಹಿಗ್ಗುತ್ತದೆ, ಅಂಟಿಸುವ ಮೊದಲೇ ಹಿಗ್ಗಲಿ ಬಿಡಿ. ಮ್ಯಾಗಜೀನ್ ಹಾಳೆ, ಗಿಫ್ಟ್ ಪೇಪರ್, ಜೆರಾಕ್ಸ್ ಹಾಳೆ ಇವುಗಳ ಹಿಂಬದಿಗೆ ನೀರು ಚಿಮುಕಿಸಿ ಅಥವಾ ತೆಳ್ಳಗೆ ಅಂಟು ಸವರಿ, ಎರಡು ಮೂರು ನಿಮಿಷ ಸುಮ್ನೆ ಬಿಡಿ. ಮೊದಲು ಮುದುರಿಕೊಳ್ಳುತ್ತದೆ, ಆಮೇಲೆ ತಾನೇ ಮೆತ್ತಗಾಗಿ ಚಪ್ಪಟೆ ಮಲಗುತ್ತದೆ. ಆಗ ಅಂಟಿಸಿ. ಮಧ್ಯದಿಂದ ಅಂಚಿಗೆ ಒತ್ತುತ್ತಾ ಬನ್ನಿ. ಬರಿಗೈಯಲ್ಲಿ ಒತ್ತಿದರೆ ಒದ್ದೆ ಕಾಗದ ಬೆರಳಿಗೆ ಅಂಟಿ ಹರಿಯುತ್ತದೆ. ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ, ಅದರ ಮೇಲಿಂದ ಉಜ್ಜಿ. ಇಂಕ್‌ಜೆಟ್ ಪ್ರಿಂಟ್‌ಗೆ ಮಾತ್ರ ಈ ನೀರಿನ ಉಪಾಯ ಬೇಡ, ಯಾಕೆ ಅಂತ ಮುಂದೆ ಬರುತ್ತದೆ.

ಅಂಚಿನಿಂದ ಒಳಕ್ಕೆ ಸೂರ್ಯನ ಕಿರಣದಂತೆ ಸುಕ್ಕು ಹರಡಿದ್ದರೆ ನೀರನ್ನು ಬೈಯಬೇಡಿ. ಚಪ್ಪಟೆ ಕಾಗದ ದುಂಡಗಿನ ಮಡಕೆಯ ಮೇಲೆ ಕೂರುವುದೇ ಇಲ್ಲ. ಅಂಚಿನಿಂದ ಒಳಕ್ಕೆ ಕತ್ತರಿ ಹಾಕಿ ಸೀಳು ಮಾಡಿ, ಒಂದರ ಮೇಲೊಂದು ಕೂರಿಸಿ. ಇಲ್ಲವೇ ಚಿತ್ರವನ್ನು ಚೂರು ಚೂರಾಗಿ ಹರಿದು ಜೋಡಿಸಿ. ಹರಿದ ಅಂಚು ಕತ್ತರಿಸಿದ ಅಂಚಿಗಿಂತ ಚೆನ್ನಾಗಿ ಬೆರೆತು ಹೋಗುತ್ತದೆ.

ನ್ಯಾಪ್ಕಿನ್ ಮೇಲೆ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಸುಕ್ಕು ಬಂದರೆ ಬ್ರಷ್ ಜಾಸ್ತಿ ಆಡಿಸಿದ್ದೀರಿ. ನ್ಯಾಪ್ಕಿನ್‌ಗೆ ನನಗೆ ಒಗ್ಗಿದ್ದು ಇಸ್ತ್ರಿ ಪೆಟ್ಟಿಗೆ. ವಸ್ತುವಿನ ಮೇಲೆ ಬಿಳಿ ಅಂಟು ತೆಳ್ಳಗೆ ಬಳಿದು ಪೂರ್ತಿ ಒಣಗಲು ಬಿಡುತ್ತೇನೆ. ಮೇಲೆ ನ್ಯಾಪ್ಕಿನ್‌ನ ಚಿತ್ರದ ಪದರ, ಅದರ ಮೇಲೆ ಬೇಕಿಂಗ್‌ಗೆ ಬಳಸುವ ಬಟರ್ ಪೇಪರ್. ಹಬೆ ಆಫ್ ಮಾಡಿ, ಮಧ್ಯಮ ಬಿಸಿಯಲ್ಲಿ ಹತ್ತಿಪ್ಪತ್ತು ಸೆಕೆಂಡ್ ಒತ್ತಿದರೆ ಸಾಕು. ಫೆವಿಕಾಲ್ ಥರದ ಬಿಳಿ ಅಂಟು ಒಣಗಿದ ಮೇಲೂ ಬಿಸಿಗೆ ಮೆತ್ತಗಾಗುತ್ತದೆ. ಕಾಗದ ಹಿಡಿದುಕೊಳ್ಳುತ್ತದೆ, ನೀರು ಇಲ್ಲ, ಸುಕ್ಕೂ ಇಲ್ಲ. ಪ್ಲಾಸ್ಟಿಕ್‌ಗೂ ಗಾಜಿಗೂ ಈ ಉಪಾಯ ಬೇಡ. ಮರ, ಎಂಡಿಎಫ್, ಕ್ಯಾನ್ವಾಸ್‌ಗೆ ಮಾತ್ರ.

ಆಗಲೇ ಒಣಗಿದ ಸುಕ್ಕಿಗೆ ಏನು ಮಾಡುವುದು? ವಾರ್ನಿಶ್ ಇನ್ನೂ ಹಾಕಿಲ್ಲ ಅಂದರೆ ಅದೇ ಇಸ್ತ್ರಿ ಉಪಾಯ ಮಾಡಿ ನೋಡಿ. ವಾರ್ನಿಶ್ ಬಿದ್ದಿದ್ದರೆ, ಹೊಸ ಬ್ಲೇಡಿನಿಂದ ಸುಕ್ಕಿನ ನೆತ್ತಿಯ ಉದ್ದಕ್ಕೂ ಸೀಳಿ, ಒಂದು ಅಂಚಿನ ಅಡಿಗೆ ಅಂಟು ತೂರಿಸಿ, ಇನ್ನೊಂದು ಅಂಚನ್ನು ಅದರ ಮೇಲೆ ಕೂರಿಸಿ ಒತ್ತಿ. ಒಣಗಿದ ಮೇಲೆ ಕಾಣುವ ಬಿಳಿ ಗೆರೆಗೆ ಬಣ್ಣದ ಪೆನ್ಸಿಲ್ ಸಾಕು.

ಗುಳ್ಳೆ ಮತ್ತು ಎದ್ದ ಅಂಚು

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ. ಎರಡರಲ್ಲೂ ಕಾಗದ ಅಡಿಯಿಂದ ಬಿಟ್ಟುಕೊಂಡಿದೆ, ಅಷ್ಟೇ.

ಸಣ್ಣ ಗುಳ್ಳೆಗೆ ಸೂಜಿಯಿಂದ ಚುಚ್ಚಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಣ್ಣ ಸಿರಿಂಜ್‌ನಲ್ಲಿ ನೀರು ಬೆರೆಸಿದ ಅಂಟು ತುಂಬಿ ಒಂದು ಹನಿ ಒಳಗೆ ಬಿಡಿ. ಪ್ಲಾಸ್ಟಿಕ್ ಹಾಸಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.

ಮರುದಿನ ಅದೇ ಜಾಗದಲ್ಲಿ ಗುಳ್ಳೆ ಮತ್ತೆ ಎದ್ದರೆ ಚುಚ್ಚುವುದನ್ನು ಬಿಡಿ. ಬ್ಲೇಡಿನಿಂದ ಸೀಳಿ, ಕಾಗದದ ಬೆನ್ನು ತಿರುಗಿಸಿ ನೋಡಿ. ಆ ಬೆನ್ನಿನಲ್ಲಿ ಉತ್ತರ ಬರೆದಿರುತ್ತದೆ.

ಬೆನ್ನಿಗೆ ಪೇಂಟಿನ ಚಕ್ಕೆ ಅಂಟಿಕೊಂಡು ಬಂದಿದ್ದರೆ ನಿಮ್ಮ ಅಂಟು ಗಟ್ಟಿಯಾಗಿದೆ, ಅಡಿಯ ಪೇಂಟೇ ವಸ್ತುವನ್ನು ಬಿಟ್ಟಿದೆ. ಪೇಂಟ್ ಹಿಡಿಯಲಿ ಅಂತ ಮೊದಲು ಬಳಿಯುವ ಪ್ರೈಮರ್ ಹಾಕಿಲ್ಲ ಅಥವಾ ಹೊಳಪಿನ ಮೈಯನ್ನು ಸ್ಯಾಂಡ್ ಪೇಪರ್‌ನಿಂದ ಒರಟು ಮಾಡಿಲ್ಲ. ಅಲ್ಲಿಂದಲೇ ಮತ್ತೆ ಶುರು ಮಾಡಬೇಕು, ಬೇರೆ ದಾರಿ ಇಲ್ಲ. 220 ನಂಬರಿನ ಪೇಪರ್‌ನಿಂದ ಉಜ್ಜಿ, ಧೂಳು ಒರೆಸಿ, ಪ್ರೈಮರ್ ಹಾಕಿ.

ಬೆನ್ನಿನಲ್ಲಿ ಅಂಟು ಕನ್ನಡಿಯಂತೆ ನುಣ್ಣಗೆ ಹೊಳೆಯುತ್ತಿದ್ದು, ಅಡಿಯಲ್ಲಿ ಏನೂ ಇಲ್ಲದಿದ್ದರೆ ಆ ಜಾಗದಲ್ಲಿ ಜಿಡ್ಡು ಇತ್ತು. ಗಾಜಿನ ಬಾಟಲಿಯಲ್ಲಿ ಇದು ಮಾಮೂಲು. ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಎಣ್ಣೆ ಬಾಟಲಿಯಾದರೆ ಎರಡು ಸಲ ತೊಳೆಯಿರಿ.

ಕಾಗದದ ಬೆನ್ನೂ ಒಣ, ಅಡಿಯೂ ಒಣ ಅಂದರೆ ಅಲ್ಲಿಗೆ ಅಂಟೇ ತಲುಪಿಲ್ಲ. ಅಥವಾ ಏನೂ ಬಳಿಯದ ಎಂಡಿಎಫ್ ಅಂಟಿನ ನೀರನ್ನೆಲ್ಲಾ ಹೀರಿಬಿಟ್ಟಿದೆ. ಮೊದಲು ಎಂಡಿಎಫ್‌ಗೆ ನೀರು ಬೆರೆಸಿದ ಅಂಟಿನ ಒಂದು ಕೋಟ್ ಕುಡಿಸಿ, ಒಣಗಿಸಿ, ಆಮೇಲೆ ಕೆಲಸಕ್ಕೆ ಕೂತರೆ ಈ ರಗಳೆ ಇಲ್ಲ. ಅಡಿಭಾಗಕ್ಕೂ ಒಂದು ಕೋಟ್ ಹಾಕಿ. ತೆಳು ಹಲಗೆಯ ಒಂದೇ ಮುಖಕ್ಕೆ ನೀರು ಕುಡಿಸಿದರೆ ಟ್ರೇ ದೋಣಿಯಂತೆ ಬಾಗುತ್ತದೆ.

ಇನ್ನೊಂದು ಜಾತಿ ಇದೆ: ಏನು ಮಾಡಿದರೂ ಅಂಟದ ಪ್ಲಾಸ್ಟಿಕ್. ಐಸ್‌ಕ್ರೀಂ ಡಬ್ಬಿಯ ತಳ ನೋಡಿ. ತ್ರಿಕೋನದೊಳಗೆ 2, 4 ಅಥವಾ 5 ಅಂತ ಇದ್ದರೆ ಆ ಪ್ಲಾಸ್ಟಿಕ್‌ಗೆ ಬಿಳಿ ಅಂಟು ಹಿಡಿಯುವುದಿಲ್ಲ. ಒಣಗಿದ ಮೇಲೆ ಸಿಪ್ಪೆ ಸುಲಿದ ಹಾಗೆ ಪೂರ್ತಿ ಹಾಳೆ ಕೈಗೆ ಬರುತ್ತದೆ. ಡಬ್ಬಿಯನ್ನು ಅಡುಗೆಮನೆಗೇ ವಾಪಸ್ ಕಳಿಸಿ.

ಹಾಲು ಚೆಲ್ಲಿದಂಥ ಮಬ್ಬು

ಬಿಳಿ ಅಂಟು ಬೆಳ್ಳಗೆ ಕಾಣುವುದು ಯಾಕೆ ಗೊತ್ತಾ? ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಂಟಿನ ಕಣಗಳು ತೇಲುತ್ತಿರುತ್ತವೆ, ಅವು ಬೆಳಕನ್ನು ಚದುರಿಸುತ್ತವೆ. ಹಾಲು ಬೆಳ್ಳಗಿರುವುದೂ ಹೀಗೇ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆರೆತು ಪಾರದರ್ಶಕ ಪೊರೆ ಆಗುತ್ತವೆ. ಮಬ್ಬು ಉಳಿದಿದೆ ಅಂದರೆ ಹೆಚ್ಚಾಗಿ ನೀರು ಪೂರ್ತಿ ಹೋಗಿಲ್ಲ, ಅಥವಾ ಹೋಗಿ ವಾಪಸ್ ಬಂದಿದೆ.

ನಮ್ಮದು ಮಲೆನಾಡು. ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಅಂಟು ಒಣಗುತ್ತದಾ? ಕೈಗೆ ಒಣಗಿದಂತೆ ಅನ್ನಿಸುತ್ತದೆ, ಒಳಗೆ ಇನ್ನೂ ಹಸಿ. ಅದರ ಮೇಲೆ ವಾರ್ನಿಶ್ ಬಿದ್ದರೆ ನೀರಿಗೆ ಬಾಗಿಲು ಮುಚ್ಚಿದ ಹಾಗೆ. ಪೆಟ್ಟಿಗೆಯ ಕಮಲಗಳಿಗೆ ಆಗಿದ್ದು ಅದೇ. ಮದುವೆ ಹತ್ತಿರ ಬಂತು ಅಂತ ಬೆಳಿಗ್ಗೆ ಅಂಟಿಸಿ ಸಂಜೆಗೆ ವಾರ್ನಿಶ್ ಹೊಡೆದಿದ್ದೆ.

ಹೇರ್ ಡ್ರೈಯರ್‌ಗೆ ಮಬ್ಬು ಕರಗುತ್ತಿದ್ದರೆ ವಸ್ತುವನ್ನು ಒಂದು ವಾರ ಬೆಚ್ಚಗಿನ ಜಾಗದಲ್ಲಿಡಿ. ಫ್ರಿಜ್ಜಿನ ಹಿಂಬದಿ, ಬಲ್ಬಿನ ಹತ್ತಿರ, ಅಡಿಕೆ ಒಣಗಿಸುವ ಅಟ್ಟ ಇದ್ದರೆ ಅಲ್ಲಿ. ಬಿರುಬಿಸಿಲು ಬೇಡ, ಗುಳ್ಳೆ ಏಳುತ್ತದೆ. ನನ್ನ ಕಮಲಗಳಲ್ಲಿ ಎರಡು ಪೂರ್ತಿ ಸರಿಹೋದವು. ಮೂರನೆಯದರ ಮೇಲಿನ ವಾರ್ನಿಶ್ ಅನ್ನು 400 ನಂಬರಿನ ಸ್ಯಾಂಡ್ ಪೇಪರ್‌ನಿಂದ ಮೆಲ್ಲಗೆ ತೆಳು ಮಾಡಿದ ಮೇಲೆ ಒಳಗಿನ ತೇವ ಹೊರಗೆ ಬಂತು.

ಕರಗದಿದ್ದರೆ ಎರಡು ಅನುಮಾನ. ಬಾಟಲಿಯನ್ನು ಜೋರಾಗಿ ಕುಲುಕಿ ಕೂಡಲೇ ಬಳಿದಿದ್ದರೆ ನೊರೆಯ ಗುಳ್ಳೆಗಳು ಸಿಕ್ಕಿಕೊಂಡಿವೆ. ಕುಲುಕಬೇಡಿ, ಕಡ್ಡಿಯಿಂದ ಕಲಕಿ. ಮ್ಯಾಟ್ ವಾರ್ನಿಶ್ ಬಳಸಿದ್ದರೆ ಹೊಳಪು ತಗ್ಗಿಸಲು ಅದರಲ್ಲಿ ಬೆರೆಸಿರುವ ನುಣ್ಣನೆಯ ಪುಡಿ ತಳ ಸೇರಿರುತ್ತದೆ. ಕಲಕದೆ ಬಳಸುತ್ತಾ ಬಂದು ಡಬ್ಬಿಯ ಕೊನೆಗೆ ಮುಟ್ಟಿದಾಗ ಬರೀ ಪುಡಿಯೇ ಬ್ರಷ್‌ಗೆ ಬರುತ್ತದೆ. ಕಪ್ಪು ಅಥವಾ ಕಡುನೀಲಿ ಬಣ್ಣದ ಮೇಲೆ ಇಬ್ಬನಿ ಬಿದ್ದ ಹಾಗೆ ಕಾಣುತ್ತದೆ. ಮೇಲೆ ಹೊಳಪಿನ (ಗ್ಲಾಸಿ) ವಾರ್ನಿಶ್ ಒಂದು ತೆಳು ಕೋಟ್ ಹಾಕಿದರೆ ಬಹಳ ಮಟ್ಟಿಗೆ ಮಾಯ.

ಶಾಯಿ ಹರಡಿತು, ಬಣ್ಣ ಹೋಯಿತು

ನೆನಪಿನ ಉಡುಗೊರೆಗಳಲ್ಲಿ ಹೊಟ್ಟೆ ಉರಿಸುವ ದೋಷ ಇದು. ಸುಕ್ಕು ಬಿದ್ದರೆ ರಿಪೇರಿ ಮಾಡಬಹುದು, ಅಜ್ಜಿಯ ಕೈಬರಹ ಕರಗಿ ಹೋದರೆ ಎಲ್ಲಿಂದ ತರುವುದು? ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಮೂಲ ಪತ್ರ, ಮೂಲ ಫೋಟೋ ಯಾವತ್ತೂ ಅಂಟಿಸಬೇಡಿ. ಇನ್‌ಲ್ಯಾಂಡ್ ಲೆಟರ್, ಸಾಂಬಾರ್ ಪುಡಿಯ ಅಳತೆ ಬರೆದ ಚೀಟಿ, ಏನೇ ಇರಲಿ, ಕಲರ್ ಜೆರಾಕ್ಸ್ ಮಾಡಿಸಿ ಅದನ್ನು ಅಂಟಿಸಿ. ಹಳೇ ಪತ್ರಗಳ ಫೌಂಟನ್ ಪೆನ್ ಶಾಯಿ ಒಂದೇ ಬ್ರಷ್ ಎಳೆತಕ್ಕೆ ನೀಲಿ ನೀರಾಗುತ್ತದೆ.

ಜೆರಾಕ್ಸ್ ಅಂಗಡಿಯ ಮೆಷಿನ್ ಮತ್ತು ಮನೆಯ ಪ್ರಿಂಟರ್ ಬೇರೆ ಬೇರೆ. ಜೆರಾಕ್ಸ್, ಲೇಸರ್ ಮೆಷಿನ್‌ಗಳಲ್ಲಿ ಇರುವುದು ಟೋನರ್, ಅಂದರೆ ಪ್ಲಾಸ್ಟಿಕ್ ಬೆರೆತ ಪುಡಿ. ಬಿಸಿಯಿಂದ ಕಾಗದಕ್ಕೆ ಕರಗಿ ಅಂಟಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಮನೆಯ ಇಂಕ್‌ಜೆಟ್‌ನಲ್ಲಿ ಹೆಚ್ಚಾಗಿ ನೀರಿನಲ್ಲಿ ಕರಗುವ ಶಾಯಿ. ಯಾವುದು ಅಂತ ಗೊತ್ತಿಲ್ಲದಿದ್ದರೆ ಒದ್ದೆ ಹತ್ತಿಯ ಪರೀಕ್ಷೆ ಮಾಡಿ. ಇಂಕ್‌ಜೆಟ್ಟೇ ಗತಿ ಅಂದರೆ, ಅಂಟಿಸುವ ಮೊದಲು ಎರಡೂ ಬದಿಗೆ ಕ್ಲಿಯರ್ ಅಕ್ರಿಲಿಕ್ ಸ್ಪ್ರೇ ಹೊಡೆಯಿರಿ. ಒಂದಡಿ ದೂರದಿಂದ, ತೆಳ್ಳಗೆ, ಮೂರು ಸಲ, ಪ್ರತಿ ಸಲ ಒಣಗಿಸಿ. ಕಿಟಕಿ ತೆರೆದಿರಲಿ. ಒಂದೇ ಸಲ ದಪ್ಪಗೆ ಹೊಡೆದರೆ ಆ ಸ್ಪ್ರೇಯೇ ಶಾಯಿಯನ್ನು ಹರಡಿಸಬಹುದು.

ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ ಫೋಟೋಗೆ ಬೇರೆ ಕಾಯಿಲೆ. ಅದರ ಕಾಗದಕ್ಕೆ ಎರಡೂ ಕಡೆ ಪ್ಲಾಸ್ಟಿಕ್ ಪದರ ಇರುತ್ತದೆ. ಅಂಟಿನ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ, ದಿನಗಟ್ಟಲೆ ಅಡಿಯಲ್ಲೇ ಹಸಿಯಾಗಿ ಉಳಿದು ಅಂಚು ಎದ್ದೇಳುತ್ತದೆ. ಅದನ್ನೂ ಜೆರಾಕ್ಸ್ ಮಾಡಿಸುವುದೇ ಲೇಸು.

ಲಗ್ನಪತ್ರಿಕೆಯದು ಇನ್ನೊಂದೇ ಕಥೆ. ನಮ್ಮ ಪತ್ರಿಕೆಗಳು ದಪ್ಪ, ಮೇಲೆ ಲ್ಯಾಮಿನೇಷನ್, ಗಣಪತಿಗೆ ಬಂಗಾರದ ಫಾಯಿಲ್. ಹಾಗೇ ಅಂಟಿಸಿದರೆ ಮೂಲೆ ಎದ್ದೇ ಏಳುತ್ತದೆ. ನನ್ನದು ಎದ್ದಿತು. ಪತ್ರಿಕೆಯ ಹಿಂಬದಿಯ ಮೂಲೆಯನ್ನು ಉಗುರಿನಿಂದ ಕೆದಕಿ, ಪದರ ಬಿಡಿಸಿ, ಎಳೆಯುತ್ತಾ ಹೋಗಿ. ಅರ್ಧ ದಪ್ಪ ಬಿಟ್ಟುಬರುತ್ತದೆ. ಬರದಿದ್ದರೆ ಅಗಲ ಸೆಲೋಟೇಪ್ ಅಂಟಿಸಿ ಕಿತ್ತು ನೋಡಿ. ಉಳಿದ ದಪ್ಪವನ್ನು ಹಿಂದಿನಿಂದ ಸ್ಯಾಂಡ್ ಪೇಪರ್‌ನಿಂದ ಸವೆಸಿ. ಜೆರಾಕ್ಸ್ ಮಾಡಿಸಿದರೆ ಕೆಲಸ ಸುಲಭ, ಆದರೆ ಬಂಗಾರ ಸಗಣಿ ಬಣ್ಣಕ್ಕೆ ತಿರುಗುತ್ತದೆ. ಆ ಗಣಪತಿಯನ್ನು ಗೋಲ್ಡ್ ಅಕ್ರಿಲಿಕ್‌ನಲ್ಲಿ ನೀವೇ ತಿದ್ದಬೇಕು, ಸೊನ್ನೆ ನಂಬರ್ ಬ್ರಷ್‌ನಲ್ಲಿ, ಉಸಿರು ಬಿಗಿಹಿಡಿದು.

ಮತ್ತೆ ಆ ಹಳದಿ ಗೀಟು. ಪತ್ತೆ ಹಚ್ಚಲು ನನಗೆ ಅರ್ಧ ದಿನ ಬೇಕಾಯಿತು. ವಾರ್ನಿಶ್ ಹಳದಿಯಾಯಿತು ಅಂದುಕೊಂಡಿದ್ದೆ. ಆದರೆ ಗೀಟು ಮೂಲೆಯಿಂದ ಶುರುವಾಗಿ ಬ್ರಷ್ ಹೋದ ದಿಕ್ಕಿಗೇ ತೆಳುವಾಗುತ್ತಾ ಹೋಗಿತ್ತು. ಆಗ ಹೊಳೆಯಿತು. ಕರೆಯಲು ಬಂದವರು ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಿದ್ದರಲ್ಲ, ಅದು! ಬ್ರಷ್ ಅರಿಶಿನವನ್ನು ಹೊತ್ತುಕೊಂಡು ಮದುಮಗನ ಹೆಸರಿನ ಮೇಲೇ ಓಡಿತ್ತು. ಇಂಥ ಉಡುಗೊರೆ ಮಾಡುವವರು ಅರಿಶಿನ ಹಚ್ಚದ ಒಂದು ಪತ್ರಿಕೆಯನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಆಗಿಹೋಗಿದ್ದರೆ ಕಿಟಕಿ ಬಿಸಿಲಿಗೆ ಇಟ್ಟು ನೋಡಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ದಿನ ಕಳೆದಂತೆ ಮಾಸುತ್ತದೆ. ಉಳಿದ ಚಿತ್ರಕ್ಕೆ ಕಾಗದ ಮುಚ್ಚಿಡಿ, ಅದರ ಬಣ್ಣವೂ ಹೋದೀತು. ಕುಂಕುಮದ ಕಲೆ ಮಾತ್ರ ನನ್ನ ಕೈಲಿ ಹೋಗಿಲ್ಲ.

ದಿನಪತ್ರಿಕೆಯ ತುಣುಕು ಅಂಟಿಸಿದ್ದು ಒಂದೆರಡು ವರ್ಷಕ್ಕೆ ಕಂದು ತಿರುಗಿದರೆ ಅದಕ್ಕೆ ಮದ್ದಿಲ್ಲ. ಆ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ, ಬೆಳಕಿಗೆ ಅದು ಹಳದಿಯಾಗುತ್ತದೆ. ಮುಂದಿನ ಸಲ ಜೆರಾಕ್ಸ್.

ಹಿಂದಿನದು ಮುಂದೆ ಕಾಣುತ್ತಿದೆ

ನ್ಯಾಪ್ಕಿನ್ ಕಮಲ ಅಂಟಿಸಿದ ಕೂಡಲೇ ಮಾಯವಾಯಿತಾ? ನ್ಯಾಪ್ಕಿನ್‌ಗೆ ಎರಡು ಅಥವಾ ಮೂರು ಪದರ ಇರುತ್ತದೆ, ನಾವು ಬಳಸುವುದು ಚಿತ್ರ ಇರುವ ಒಂದನ್ನೇ. ಅದು ಅಂಟು ಕುಡಿದರೆ ಗಾಜಿನ ಹಾಗೆ. ಅಡಿಯಲ್ಲಿ ಕಪ್ಪು ಇದ್ದರೆ ಕಪ್ಪೇ ಕಾಣುತ್ತದೆ. ಅಡಿಗೆ ಬಿಳಿ ಅಥವಾ ಕೆನೆ ಬಣ್ಣ ಎರಡು ಕೋಟ್ ಬೇಕೇ ಬೇಕು. ಕಪ್ಪು ಹಿನ್ನೆಲೆಯೇ ಇಷ್ಟ ಅನ್ನುವವರು ಚಿತ್ರದ ಆಕಾರಕ್ಕಷ್ಟೇ ಬಿಳಿ ಬಳಿದು, ಒಣಗಿದ ಮೇಲೆ ಅದರ ಮೇಲೆ ಚಿತ್ರ ಕೂರಿಸಬಹುದು. ಬಿಳಿ ಪದರಗಳನ್ನು ಬಿಡಿಸಲು ಮರೆತಿದ್ದರೆ ದೋಷ ಉಲ್ಟಾ: ಚಿತ್ರದ ಪದರ ಮಾತ್ರ ಮೇಲಿಂದ ಸಿಪ್ಪೆಯಂತೆ ಏಳುತ್ತದೆ.

ಮ್ಯಾಗಜೀನ್ ಹಾಳೆಯಲ್ಲಿ ಹಿಂದಿನ ಪುಟದ ಅಕ್ಷರ ಮುಂದಿನ ಮುಖದ ಮೇಲೆ ಮೂಡಿದರೆ ರಿಪೇರಿ ಇಲ್ಲ. ಅಂಟಿಸುವ ಮೊದಲೇ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಬೇಕಿತ್ತು. ಅಕ್ಷರ ಕಂಡರೆ ಹಿಂಬದಿಗೆ ಬಿಳಿ ಅಕ್ರಿಲಿಕ್ ತೆಳ್ಳಗೆ ಬಳಿದು ಒಣಗಿಸಿ ಬಳಸಿ.

ಜಿಗುಟು

ಒಣಗಿ ತಿಂಗಳಾಗಿದೆ, ಆದರೂ ಕೈಗೆ ಜಿಗುಟು. ಟ್ರೇ ಮೇಲಿಟ್ಟ ಲೋಟ ಎತ್ತಿದರೆ ಚಿತ್ರವೂ ಜೊತೆಗೆ ಬರುತ್ತದೆ.

ಹೆಚ್ಚಾಗಿ ಕಾರಣ ಇದೇ: ಮೇಲಿನ ಕೋಟ್ ಕೂಡ ಅಂಟಿನದ್ದೇ. ಬಿಳಿ ಅಂಟು ಒಳ್ಳೆಯ ಅಂಟು, ಕೆಟ್ಟ ವಾರ್ನಿಶ್. ತೇವದ ಗಾಳಿಗೆ ಅದು ಮೆತ್ತಗಾಗುತ್ತದೆ, ಬಿಸಿಗೂ ಮೆತ್ತಗಾಗುತ್ತದೆ. ಇಸ್ತ್ರಿಯಲ್ಲಿ ನಮಗೆ ಉಪಕಾರ ಮಾಡಿದ ಗುಣವೇ ಬಿಸಿ ಕಾಫಿ ಲೋಟದ ಅಡಿಯಲ್ಲಿ ಅಪಕಾರ ಮಾಡುತ್ತದೆ. ಅಂಟಿಸಲು ಅಂಟು, ಮುಚ್ಚಲು ನೀರು ಆಧಾರಿತ ಅಕ್ರಿಲಿಕ್ ಅಥವಾ ಪಿಯು (ಪಾಲಿಯುರೆಥೇನ್) ವಾರ್ನಿಶ್, ಹೀಗೆ ಎರಡು ಬೇರೆ ಬೇರೆ ಇರಲಿ. ವಾರ್ನಿಶ್ ಹಾಕಿದರೂ ಮುಟ್ಟಿದರೆ ಒಣಗಿದೆ ಅನ್ನುವುದು ಬೇರೆ, ಒಳಗೆ ಗಟ್ಟಿಯಾಗುವುದು ಬೇರೆ. ಮೂರು ನಾಲ್ಕು ವಾರ ಬಿಡಿ. ಉಡುಗೊರೆ ಕೊಡುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ ಕೆಲಸ ಶುರು ಮಾಡಿ.

ಈಗಾಗಲೇ ಜಿಗುಟಾಗಿರುವುದಕ್ಕೆ: ಒಣ ಹವೆಯ ದಿನ ನೋಡಿ ವಾರ್ನಿಶ್‌ನ ಎರಡು ತೆಳು ಕೋಟ್ ಹಾಕಿ. ಮುಚ್ಚಳದ ಅಂಚಿನಂತೆ ಒಂದಕ್ಕೊಂದು ತಾಗುವ ಜಾಗಕ್ಕೆ ಮೇಣದಬತ್ತಿ ಉಜ್ಜಿ, ಬಟ್ಟೆಯಿಂದ ಒರೆಸಿ. ತಾತ್ಕಾಲಿಕಕ್ಕೆ ಟಾಲ್ಕಂ ಪೌಡರ್ ಕೂಡ ನಡೆಯುತ್ತದೆ, ಆದರೆ ಕಡು ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ.

ಉಳಿದ ಸಣ್ಣಪುಟ್ಟವು

ಬಿಳಿ ಹಿನ್ನೆಲೆ ತಿಂಗಳುಗಳಲ್ಲಿ ಹಳದಿಯಾದರೆ, ಮರದ ಬಾಗಿಲಿಗೆ ಹೊಡೆಯುವ ಎಣ್ಣೆ ಆಧಾರಿತ ವಾರ್ನಿಶ್ ಬಳಸಿದ್ದೀರಿ. ಅದು ಹಳದಿಯಾಗುವುದೇ. ಹಳೇ ಕಾಲದ ನೋಟ ಬೇಕು ಅನ್ನುವವರಿಗೆ ಅದೇ ಚೆಂದ.

ಮೇಲಿನ ಬಣ್ಣ ಬಿರುಕು ಬಿಟ್ಟರೆ ಅಡಿಯ ಅಂಟು ಹಸಿ ಇದ್ದಾಗಲೇ ಅಕ್ರಿಲಿಕ್ ಬಳಿದಿರಿ. ಅಡಿಯದು ನಿಧಾನ, ಮೇಲಿನದು ಬೇಗ ಒಣಗಿ ಸೀಳಿಕೊಂಡಿತು. ಕೆಲವರು ಇದನ್ನೇ ಬೇಕಂತ ಮಾಡಿ 'ಆ್ಯಂಟಿಕ್' ಅಂತ ಮಾರುತ್ತಾರೆ. ನಿಮಗೆ ಬೇಡ ಅಂದರೆ ಮಾತ್ರ ದೋಷ.

ಬಿಸ್ಕೆಟ್ ತಗಡಿನ ಡಬ್ಬಿಯಲ್ಲಿ ಕಾಗದದಡಿ ಕಂದು ಚುಕ್ಕಿ ಬಂದರೆ ಅದು ತುಕ್ಕು. ನೀರಿನ ಅಂಟು ಬರೀ ಕಬ್ಬಿಣಕ್ಕೆ ತಾಗಿದೆ. ಚುಕ್ಕಿ ಬಂದಲ್ಲಿ ಕಾಗದ ಕಿತ್ತು, ಉಜ್ಜಿ, ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್ ಹಾಕಿ, ಮೇಲೆ ಬಿಳಿ ಬಣ್ಣ ಹಾಕಿ ಮತ್ತೆ ಅಂಟಿಸಿ.

ಮಣ್ಣಿನ ಕುಂಡದಲ್ಲಿ ಕಾಗದ ಊದಿ, ಅಡಿಯಲ್ಲಿ ಬಿಳಿ ಪುಡಿ ಕಂಡರೆ ಗಿಡಕ್ಕೆ ಹಾಕಿದ ನೀರು ಮಣ್ಣಿನ ಗೋಡೆಯೊಳಗಿಂದ ಬರುತ್ತಿದೆ, ಜೊತೆಗೆ ಉಪ್ಪನ್ನೂ ಹೊತ್ತು ತರುತ್ತಿದೆ. ಹೊರಗೆ ಎಷ್ಟು ವಾರ್ನಿಶ್ ಹಾಕಿದರೂ ಪ್ರಯೋಜನ ಇಲ್ಲ. ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿಟ್ಟು ಅದನ್ನು ಮಣ್ಣಿನ ಕುಂಡದೊಳಗೆ ಇಳಿಸಿ.

ಕಾಗದಕ್ಕೆ ಸಣ್ಣ ಸಣ್ಣ ತೂತು, ಅಂಚು ಕಚ್ಚಿದಂತೆ ಕಂಡರೆ ಮೈದಾ ಅಂಟು ಬಳಸಿದ್ದೀರಾ ನೋಡಿಕೊಳ್ಳಿ. ಜಿರಳೆಗೆ ಅದು ಊಟ. ಹಿಂದೆ ಬೈಂಡಿಂಗ್‌ನವರು ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮನೆಯಲ್ಲಿ ಮಕ್ಕಳು ಮುಟ್ಟುವ ವಸ್ತುವಿಗೆ ಬೇಡ.

ಗಾಜಿನ ಲೋಟಕ್ಕೆ ಕಾಗದ ಅಂಟಿಸಿ ಒಳಗೆ ಮೇಣದಬತ್ತಿ ಹಚ್ಚುವವರು ಒಮ್ಮೆ ಯೋಚಿಸಿ. ಬಿಸಿಗೆ ಅಂಟು ಜಾರುತ್ತದೆ, ಕಾಗದ ಉರಿಯಲೂಬಹುದು. ಬ್ಯಾಟರಿ ದೀಪ ಇಡಿ. ತಟ್ಟೆಯ ಒಳಮುಖಕ್ಕೂ ಡೆಕೂಪಾಜ್ ಬೇಡ. ತಿನ್ನುವ ಪದಾರ್ಥ ತಾಗದ ಹಿಂಬದಿಗೆ ಮಾಡಿ.

ಇನ್ನು ಜುಮುಕಿ. ಮುಚ್ಚಳವನ್ನು ಚಾಕುವಿನಿಂದ ಮೀಟಲು ಹೋಗಲಿಲ್ಲ, ಎಂಡಿಎಫ್ ಚಕ್ಕೆ ಏಳುತ್ತದೆ. ಬಿಸಿಗೆ ಮೆತ್ತಗಾಗುವ ಅಂಟು ತಂಪಿಗೆ ಬಿರುಸಾಗುತ್ತದೆ ಅಲ್ವಾ? ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ. ಹೊರಗೆ ತೆಗೆದ ಕೂಡಲೇ ಹೂ ಕಟ್ಟುವ ದಾರವನ್ನು ಜೋಡಿಯ ಸಂದಿಗೆ ಕೂರಿಸಿ, ಗರಗಸದಂತೆ ಅತ್ತಿತ್ತ ಎಳೆದೆ. ಮೂರು ಬದಿ ಸಲೀಸಾಗಿ ಬಿಟ್ಟಿತು. ನಾಲ್ಕನೆಯ ಬದಿಯಲ್ಲಿ ಟಪ್ ಅಂತ ಸದ್ದಾಗಿ ಒಂದು ದಳದಷ್ಟು ನ್ಯಾಪ್ಕಿನ್ ಕಿತ್ತು ಬಂತು.

ಅಂಚುಗಳನ್ನು 320 ನಂಬರಿನ ಪೇಪರ್‌ನಿಂದ ಸವೆಸಿ ಕೂದಲೆಳೆಯಷ್ಟು ಸಂದಿ ಬಿಟ್ಟೆ. ವಾರ್ನಿಶ್ ಹಾಕಿ ಮೂರು ವಾರ ಬಿಟ್ಟು, ಮೇಣ ಉಜ್ಜಿ, ಮುಚ್ಚಳದ ಕೆಳಗೆ ಬಟರ್ ಪೇಪರ್‌ನ ಪಟ್ಟಿ ಇಟ್ಟು ಕಳಿಸಿಕೊಟ್ಟೆ. ಕಿತ್ತುಹೋದ ದಳವನ್ನು ಗುಲಾಬಿ ಅಕ್ರಿಲಿಕ್‌ನಲ್ಲಿ ತುಂಬಿದ್ದೆ. ಅವಳಿಗೆ ಅದು ಇನ್ನೂ ಕಂಡಿಲ್ಲ. ಕಂಡಿದ್ದರೂ ಹೇಳಿಲ್ಲ.